ಕಲಬುರಗಿ, ದಕ್ಷಿಣ ಕನ್ನಡ, ಬೆಂಗಳೂರು: ತಲಾ ಆದಾಯ ಹೋಲಿಸೋದು ಹೇಗೆ?

ತೊಗರಿಲೆಕ್ಕ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಹನ್ನೊಂದು ವರ್ಷದಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಊರು ಸೇಡಂ ಹತ್ತಿರ. ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವ ಅಲ್ವಾ, ಆ ವಾರ ನಮ್ಮ ಬಡಾವಣೆಯ ಮಹಿಳಾ ಸಂಘದಲ್ಲಿ ಹತ್ತು ನಿಮಿಷ ಮಾತಾಡು ಎಂದಿದ್ದಾರೆ. ವಿಷಯ ನಾನೇ ಆರಿಸಿಕೊಂಡೆ. ನಮ್ಮ ಜಿಲ್ಲೆ ಬೆಳೆಯುತ್ತಿದೆಯಾ, ಇಲ್ಲವಾ?

ಅದಕ್ಕೆ ರಾಜ್ಯದ ಆರ್ಥಿಕ ಸಮೀಕ್ಷೆಯಿಂದ ಜಿಲ್ಲಾವಾರು ತಲಾ ಆದಾಯದ ಪಟ್ಟಿ ತೆಗೆದುಕೊಂಡು ಎಕ್ಸೆಲ್‌ನಲ್ಲಿ ಹಾಕಿದೆ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದೆ. ಮೊದಲು ಬೆಂಗಳೂರು ನಗರ. ಆಮೇಲೆ ದಕ್ಷಿಣ ಕನ್ನಡ. ನಮ್ಮದೆಲ್ಲಿ ಎಂದು ಕೆಳಗೆ ಇಳಿಯುತ್ತಾ ಹೋದೆ. ಕೊನೆಯ ಸಾಲಿನಲ್ಲಿ ಸಿಕ್ಕಿತು. ಬೆಂಗಳೂರು ನಗರದ ತಲಾ ಆದಾಯ ನಮ್ಮದರ ಸುಮಾರು ಐದು ಪಟ್ಟು.

ನಿಜ ಹೇಳ್ತೀನಿ, ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮದೇನು ಬರಡು ಜಿಲ್ಲೆ ಅಲ್ಲ. ತೊಗರಿಯ ಕಣಜ ಅಂತಾರೆ. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂತು. ವಾಡಿ, ಸೇಡಂ, ಮಳಖೇಡದ ಕಡೆ ಹೋದರೆ ಸಿಮೆಂಟ್ ಕಾರ್ಖಾನೆಗಳ ಚಿಮಣಿ ದೂರದಿಂದಲೇ ಕಾಣುತ್ತವೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಮ್ಮ ಮಿಲ್ಲಿನ ಮುಂದೆ ಲಾರಿಗಳ ಸಾಲು ತಪ್ಪುವುದಿಲ್ಲ. ಇಷ್ಟು ಸರಕು ಹೊರಡುವ ಊರು ಪಟ್ಟಿಯ ತಳದಲ್ಲಿ ಹೇಗೆ ನಿಲ್ಲುತ್ತದೆ?

ಇನ್ನೊಂದು ಗೊಂದಲ ಇದೆ. ಬೆಳವಣಿಗೆ ದರ ನೋಡಿದರೆ ಕೆಲವು ವರ್ಷ ನಮ್ಮ ಭಾಗದ ಜಿಲ್ಲೆಗಳು ಚೆನ್ನಾಗಿಯೇ ಓಡಿವೆ. ಒಂದು ಕಡೆ ಚಾಲ್ತಿ ಬೆಲೆ ಅಂತಿದೆ, ಇನ್ನೊಂದು ಕಡೆ ಸ್ಥಿರ ಬೆಲೆ ಅಂತಿದೆ. ಎರಡರಲ್ಲಿ ಬೇರೆ ಬೇರೆ ಕಥೆ. ಹೆಂಗಸರ ಮುಂದೆ ನಿಂತು ತಪ್ಪು ಲೆಕ್ಕ ಹೇಳಲು ನನಗೆ ಮನಸ್ಸಿಲ್ಲ. ಮಿಲ್ಲಿನ ಲೆಕ್ಕ ಗೊತ್ತು, ಜಿಲ್ಲೆಯ ಲೆಕ್ಕ ಹೇಗೆ ಮಾಡ್ತಾರೆ, ಹೇಗೆ ಹೋಲಿಸಬೇಕು ಎಂದು ಬಲ್ಲವರು ದಯವಿಟ್ಟು ತಿಳಿಸಿ.

ಹಳೇಎಣಿಕೆದಾರ (ರಾಯಚೂರು)

ತಂಗಿ, ನಿನ್ನ ಪ್ರಶ್ನೆ ಓದಿ ಸಂತೋಷವಾಯಿತು. ನಾನು ಸಾಂಖ್ಯಿಕ ಇಲಾಖೆಯಲ್ಲಿ 31 ವರ್ಷ ಇದ್ದೆ. ಹೆಚ್ಚಿನ ಕಾಲ ರಾಯಚೂರು, ಕಲಬುರಗಿ ಜಿಲ್ಲೆಗಳಲ್ಲೇ ತಿರುಗಿದವನು. ನೀನು ನೋಡಿದ ಆ ಕೊನೆಯ ಸಾಲಿನ ಅಂಕಿ ಎಲ್ಲಿಂದ ಹುಟ್ಟುತ್ತದೆ ಎನ್ನುವುದರಿಂದಲೇ ಶುರು ಮಾಡ್ತೀನಿ, ಸ್ವಲ್ಪ ಉದ್ದವಾಗುತ್ತದೆ.

ಜನವರಿ ಕೊನೆಯ ವಾರ, ಚಿಂಚೋಳಿ ಕಡೆಯ ಒಂದು ಬಿಳಿಜೋಳದ ಹೊಲ ಅಂದುಕೋ. ಯಾವ ಸರ್ವೆ ನಂಬರಿನ ಹೊಲ ಎಂದು ನಾವು ಆರಿಸುವಂತಿಲ್ಲ, ಅದಕ್ಕೆ ಯಾದೃಚ್ಛಿಕ, ಅಂದರೆ ಚೀಟಿ ಎತ್ತಿದಂತೆ ಬರುವ ಸಂಖ್ಯೆಗಳ ಪಟ್ಟಿ ಇರುತ್ತದೆ. ಹೊಲದ ನೈಋತ್ಯ ಮೂಲೆಯಲ್ಲಿ ನಿಂತು, ಪಟ್ಟಿಯಲ್ಲಿ ಬಂದಷ್ಟು ಹೆಜ್ಜೆ ಉದ್ದಕ್ಕೆ, ಅಷ್ಟು ಹೆಜ್ಜೆ ಅಗಲಕ್ಕೆ ಒಳಗೆ ನಡೀಬೇಕು. ಅಲ್ಲಿ ಗೂಟ ಹೊಡೆದು ಹಗ್ಗ ಕಟ್ಟಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ ಮಾಡಬೇಕು. ಆ ಚೌಕದೊಳಗಿನ ತೆನೆ ಅಷ್ಟೂ ಕೊಯ್ದು, ಬಡಿದು, ತೂರಿ, ತೂಕ ಹಾಕಬೇಕು. ಇದಕ್ಕೆ ಬೆಳೆ ಕಟಾವು ಪ್ರಯೋಗ ಅಂತಾರೆ. ಅಂಥ 400 ಚೌಕ ಸೇರಿದರೆ ಒಂದು ಹೆಕ್ಟೇರ್. ಚೌಕದಲ್ಲಿ ಎರಡೂವರೆ ಕೆಜಿ ಜೋಳ ಬಂದರೆ ಹೆಕ್ಟೇರಿಗೆ 10 ಕ್ವಿಂಟಲ್ ಇಳುವರಿ. ತಕ್ಕಡಿಯಲ್ಲಿ ನೂರು ಗ್ರಾಂ ತಪ್ಪಿದರೆ ಹೆಕ್ಟೇರಿಗೆ 40 ಕೆಜಿ ತಪ್ಪು. ಅದಕ್ಕೇ ಬಟ್ಟೆಗೆ ಅಂಟಿದ ಕಾಳನ್ನೂ ಬಿಡದೆ ಜಾಡಿಸಿ ಹಾಕುತ್ತಿದ್ದೆವು.

ಒಮ್ಮೆ ಹೊಲದೊಡತಿ ಅಜ್ಜಿಯೊಬ್ಬಳು ಬದುವಿನ ಮೇಲೆ ಕೂತು ನಮ್ಮ ಕೆಲಸ ಪೂರ್ತಿ ನೋಡಿದಳು. ಕೊನೆಗೆ ಕೇಳಿದಳು, "ಸಾಹೇಬ್ರ, ಇದು ನನ್ನ ಹೊಲದ ಲೆಕ್ಕನೋ, ಊರಿನ ಲೆಕ್ಕನೋ?" ಊರಿನದವ್ವಾ ಎಂದೆ. "ಹಂಗಾರ ನನ್ನದು ಯಾರು ಬರೀತಾರ?" ಎಂದಳು. ನಾನು ನಿವೃತ್ತನಾಗಿ ಏಳು ವರ್ಷ ಆಯಿತು, ಆ ಮಾತು ಇನ್ನೂ ಕಿವಿಯಲ್ಲಿದೆ. ಯಾಕೆಂದರೆ ತಲಾ ಆದಾಯ ಎನ್ನುವುದು ಯಾರದೇ ಆದಾಯ ಅಲ್ಲ. ಜಿಲ್ಲೆಯಲ್ಲಿ ಹುಟ್ಟಿದ ಉತ್ಪನ್ನವನ್ನು ಜಿಲ್ಲೆಯ ತಲೆಗಳಿಂದ ಭಾಗಿಸಿದ್ದು, ಅಷ್ಟೆ.

ಆ ಇಳುವರಿಯನ್ನು ಬಿತ್ತನೆಯಾದ ವಿಸ್ತೀರ್ಣಕ್ಕೆ ಗುಣಿಸಿ, ಬೆಲೆಗೆ ಗುಣಿಸಿ, ಬೀಜ, ಗೊಬ್ಬರ, ಡೀಸೆಲ್ ಖರ್ಚು ಕಳೆದರೆ ಕೃಷಿಯ ಮೌಲ್ಯವರ್ಧನೆ ಬರುತ್ತದೆ. ಕಾರ್ಖಾನೆಗಳಿಗೆ ವಾರ್ಷಿಕ ಕೈಗಾರಿಕಾ ಸಮೀಕ್ಷೆ ಇದೆ. ರೈಲ್ವೆ, ಬ್ಯಾಂಕು, ಟೆಲಿಕಾಂ ಇಂಥವು ಒಂದು ಊರಿಗೆ ಸೇರಿದ್ದಲ್ಲ, ಅವನ್ನು ಮೇಲಿನಿಂದ ಕೆಳಗೆ ಹಂಚುತ್ತಾರೆ. ದೇಶದಿಂದ ರಾಜ್ಯಕ್ಕೆ, ರಾಜ್ಯದಿಂದ ಜಿಲ್ಲೆಗೆ. ಹಾಗಾಗಿ ಜಿಲ್ಲೆಯ ಅಂಕಿಯಲ್ಲಿ ಒಂದು ಭಾಗ ಹೊಲದಿಂದ ಎದ್ದು ಬಂದದ್ದು, ಇನ್ನೊಂದು ಭಾಗ ಹಂಚಿಕೆಯಿಂದ ಬಂದದ್ದು. ಸಣ್ಣ ಪುಟ್ಟ ವ್ಯತ್ಯಾಸ ನೋಡಿ ಇವರು ಮೇಲು, ಅವರು ಕೆಳಗು ಎನ್ನಬೇಡ. ಐದು ಪಟ್ಟಿನ ವ್ಯತ್ಯಾಸ ಮಾತ್ರ ಯಾವ ತಕ್ಕಡಿಯ ತಪ್ಪೂ ಅಲ್ಲ.

ಲಾರಿಗಳ ಸಾಲಿನ ವಿಷಯ. ನೀನು ಮಿಲ್ಲಿನ ಲೆಕ್ಕ ಬರೆಯುವವಳು, ನಿನಗೆ ಬೇಗ ತಿಳಿಯುತ್ತದೆ. ಮಿಲ್ಲಿನ ವಹಿವಾಟು ವರ್ಷಕ್ಕೆ 10 ಕೋಟಿ ಅನ್ನು. ತೊಗರಿ ಕೊಂಡದ್ದು, ಕರೆಂಟು, ಚೀಲ, ಬಾಡಿಗೆ ಲಾರಿ ಸೇರಿ 9 ಕೋಟಿ ಹೋದರೆ ಮಿಲ್ಲು ಜಿಲ್ಲೆಯ ಉತ್ಪನ್ನಕ್ಕೆ ಸೇರಿಸಿದ್ದು 1 ಕೋಟಿ ಮಾತ್ರ. ಮಿಲ್ಲೇ ಇಲ್ಲದೆ ತೊಗರಿ ಹಾಗೇ ಲಾತೂರಿಗೋ ಸೊಲ್ಲಾಪುರಕ್ಕೋ ಹೋದರೆ ಆ 1 ಕೋಟಿ ಅಲ್ಲಿಯದು. ಬೇಳೆಯನ್ನು ಚಂದದ ಪೊಟ್ಟಣಕ್ಕೆ ತುಂಬಿ ಹೆಸರು ಅಂಟಿಸಿ ಮಾರಿದವರ ಲಾಭವೂ ಎಲ್ಲಿ ಮಾರಿದರೋ ಅಲ್ಲಿಯದು. ಸರಕು ಎಷ್ಟು ಟನ್ ಹೊರಟಿತು ಎನ್ನುವುದರಿಂದ ಊರು ಶ್ರೀಮಂತ ಆಗುವುದಿಲ್ಲ. ಹೊರಡುವ ಮೊದಲು ಅದಕ್ಕೆ ಎಷ್ಟು ಬೆಲೆ ಸೇರಿಸಿದೆವು ಎನ್ನುವುದು ಮುಖ್ಯ.

ಸಿಮೆಂಟಿನದು ಇನ್ನೂ ಬೇರೆ. ಕಾರ್ಖಾನೆಯ ಮೌಲ್ಯವರ್ಧನೆಯೆಲ್ಲ ಕಲಬುರಗಿಯ ಲೆಕ್ಕಕ್ಕೇ ಬರುತ್ತದೆ. ಸಂಬಳ, ಬಡ್ಡಿ, ಲಾಭ, ಸವಕಳಿ ಎಲ್ಲವೂ. ಆದರೆ ಲಾಭ ಹೋಗುವುದು ಷೇರುದಾರರಿಗೆ, ಅವರು ಎಲ್ಲಿದ್ದಾರೋ ಅಲ್ಲಿಗೆ. ರಾಯಚೂರಿನಲ್ಲಿ ನಮಗೂ ಹೀಗೇ. ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಸಾಮರ್ಥ್ಯ 1720 ಮೆಗಾವ್ಯಾಟ್. ಹಟ್ಟಿಯಲ್ಲಿ ಚಿನ್ನದ ಗಣಿ. ಎರಡೂ ನಮ್ಮ ಜಿಲ್ಲೆಯ ಉತ್ಪನ್ನ. ಕರೆಂಟು ರಾಜ್ಯಕ್ಕೆಲ್ಲ ಹರಿಯುತ್ತದೆ, ಬೂದಿ ಮಾತ್ರ ಸುತ್ತಲಿನ ಹಳ್ಳಿಗೆ. ಅಂದರೆ ತಂಗಿ, ನೀನು ಕಂಡ ಅಂಕಿ ನಿಮ್ಮ ಜನರ ಕೈಗೆ ಬಂದದ್ದಕ್ಕಿಂತ ಜಾಸ್ತಿಯೇ ತೋರಿಸುತ್ತಿದೆ. ಅದನ್ನೂ ಸೇರಿಸಿಕೊಂಡು ಕೊನೆಯ ಸಾಲು. ನನಗೆ ಸಂಕಟವಾಗುವುದು ಇಲ್ಲಿ.

ಚಾಲ್ತಿ ಬೆಲೆ, ಸ್ಥಿರ ಬೆಲೆ ಕೇಳಿದ್ದೀಯ. ನಿನ್ನ ಮಿಲ್ಲಿನ 2015ರ ಪುಸ್ತಕ ತೆಗೆದು ನೋಡು. ಆ ವರ್ಷ ಬರ. ತೊಗರಿ ಕೈಕೊಟ್ಟಿತು. ಬೇಳೆ ಅಂಗಡಿಯಲ್ಲಿ ಕೆಜಿಗೆ 200 ರೂಪಾಯಿ ಮುಟ್ಟಿತು. ಮರುವರ್ಷ ಬೆಳೆ ಉಕ್ಕಿ ಬಂತು, ಬೆಲೆ ಕ್ವಿಂಟಲಿಗೆ 5,050 ರೂಪಾಯಿ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ಚಾಲ್ತಿ ಬೆಲೆಯಲ್ಲಿ ಲೆಕ್ಕ ಹಾಕಿದರೆ ಬರಗಾಲದ ತೊಗರಿ ಹೊಳೆಯುತ್ತದೆ, ಸುಗ್ಗಿಯ ತೊಗರಿ ಮಂಕಾಗುತ್ತದೆ. ಸ್ಥಿರ ಬೆಲೆ ಅಂದರೆ ಒಂದು ಮೂಲ ವರ್ಷದ ಬೆಲೆಯನ್ನೇ ಹಿಡಿದು ಎಲ್ಲ ವರ್ಷವನ್ನೂ ಅಳೆಯುವುದು. ಬಹಳ ಕಾಲ 2011-12 ಮೂಲ ವರ್ಷವಾಗಿತ್ತು. ಎಷ್ಟು ಬೆಳೆದೆವು ಎಂದು ತಿಳಿಯಲು ಸ್ಥಿರ ಬೆಲೆ ನೋಡು. ಒಂದೇ ವರ್ಷದಲ್ಲಿ ಎರಡು ಜಿಲ್ಲೆ ಅಕ್ಕಪಕ್ಕ ಇಡಲು ಚಾಲ್ತಿ ಬೆಲೆ ಸಾಕು. ಒಂದು ಜಿಲ್ಲೆಗೆ ಇದು, ಇನ್ನೊಂದಕ್ಕೆ ಅದು ಮಾತ್ರ ಮಾಡಬೇಡ.

ಇನ್ನು ಬೆಳವಣಿಗೆ ದರ. ಶೇಕಡಾ 8 ಎಂದರೆ ಕೇಳಲು ಚಂದ. ಒಂದು ಲೆಕ್ಕ ಮಾಡಿ ತೋರಿಸು ನಿನ್ನ ಸಂಘದವರಿಗೆ. ಒಂದು ಜಿಲ್ಲೆ 1 ಲಕ್ಷದಲ್ಲಿದೆ, ವರ್ಷಕ್ಕೆ ಶೇ. 8 ಬೆಳೆಯುತ್ತದೆ. ಇನ್ನೊಂದು 5 ಲಕ್ಷದಲ್ಲಿದೆ, ಶೇ. 6 ಬೆಳೆಯುತ್ತದೆ. ಬಡ ಜಿಲ್ಲೆಯೇ ಜೋರಾಗಿ ಓಡುತ್ತಿದೆ. ಆದರೂ ಮೊದಲ ವರ್ಷ ಅದಕ್ಕೆ ಸೇರುವುದು 8 ಸಾವಿರ, ಶ್ರೀಮಂತ ಜಿಲ್ಲೆಗೆ ಸೇರುವುದು 30 ಸಾವಿರ. ಇದೇ ವೇಗದಲ್ಲಿ ಎರಡೂ ಓಡಿದರೆ ಸಮ ಬರಲು ಸುಮಾರು 86 ವರ್ಷ ಬೇಕು. ಇವತ್ತು ಹುಟ್ಟಿದ ಕೂಸು ಮುದುಕಿಯಾಗುವಷ್ಟು ಕಾಲ.

ಕಡಲತಡಿ (ಮಂಗಳೂರು)

ಅಕ್ಕಾ, ನಮ್ಮ ಜಿಲ್ಲೆಯ ಹೆಸರು ಬಂದದ್ದರಿಂದ ಬರೀತಿದ್ದೇನೆ. ಹಿರಿಯರು ಹೇಳಿದ ಸಿಮೆಂಟಿನ ಮಾತು ನಮಗೂ ಅನ್ವಯಿಸುತ್ತದೆ. ಇಲ್ಲಿನ ತೈಲ ಸಂಸ್ಕರಣಾಗಾರದ ಸಾಮರ್ಥ್ಯ ವರ್ಷಕ್ಕೆ ಒಂದೂವರೆ ಕೋಟಿ ಟನ್. 1974ರಿಂದ ದೊಡ್ಡ ಬಂದರು ಇದೆ. ಇವೆರಡರ ಉತ್ಪನ್ನ ನಮ್ಮ ತಲೆಗಳ ಮೇಲೆ ಹಂಚಿದಾಗ ಪ್ರತಿಯೊಬ್ಬರೂ ಶ್ರೀಮಂತರಂತೆ ಕಾಣುತ್ತೇವೆ. ಮನೆಮನೆಯಲ್ಲಿ ಅಷ್ಟು ದುಡ್ಡು ಇಲ್ಲ.

ಆದರೂ ನಾವು ಮುಂದಿದ್ದೇವೆ ಎನ್ನುವುದು ಸುಳ್ಳಲ್ಲ. ಯಾಕೆ ಎಂದು ನಾನು ನನ್ನ ಮನೆಯನ್ನೇ ನೋಡಿಕೊಂಡರೆ ತಿಳಿಯುತ್ತದೆ. ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಮೊರದಲ್ಲಿ ಎಲೆ, ಪಕ್ಕದಲ್ಲಿ ಹೊಗೆಸೊಪ್ಪಿನ ಡಬ್ಬಿ, ಕತ್ತರಿ. ಬೆಳಿಗ್ಗೆ ಗಂಜಿ ಮುಗಿಸಿ ಕೂತರೆ ಸಂಜೆವರೆಗೆ ಬೆರಳು ನಿಲ್ಲುತ್ತಿರಲಿಲ್ಲ. ವಾರಕ್ಕೊಮ್ಮೆ ಬೀಡಿ ಕಂಪನಿಯ ಬ್ರಾಂಚಿಗೆ ಕಟ್ಟು ಕೊಟ್ಟು ದುಡ್ಡು ತರುತ್ತಿದ್ದರು. ಆ ದುಡ್ಡಿನಲ್ಲಿ ಮೊದಲ ಖರ್ಚು ನಮ್ಮ ನಾಲ್ವರ ಶಾಲೆಯದು. ನಾನು, ನನ್ನ ತಂಗಿ ಇಬ್ಬರೂ ಡಿಗ್ರಿ ಮಾಡಿದೆವು. ದೊಡ್ಡ ಶಾಲೆ ಏನಲ್ಲ, ನಡೆದು ಹೋಗುವಷ್ಟು ಹತ್ತಿರ ಒಂದು ಶಾಲೆ ಇತ್ತು, ಅಷ್ಟೇ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.6. ಕಲಬುರಗಿ ಶೇ. 64.9. ಯಾದಗಿರಿ ಶೇ. 51.8. ಇವತ್ತಿನ ಆದಾಯದ ಪಟ್ಟಿ ಓದುವಾಗ ಆ ಪಟ್ಟಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಬ್ಯಾಂಕು ಇನ್ನೊಂದು. 1906ರಿಂದ 1931ರೊಳಗೆ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಹೀಗೆ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದವು. ಆಗ ನಾವು ಮದ್ರಾಸ್ ಪ್ರಾಂತ್ಯದಲ್ಲಿದ್ದೆವು, ನೀವು ನಿಜಾಮರ ಆಳ್ವಿಕೆಯಲ್ಲಿದ್ದಿರಿ. 1956ರಲ್ಲಿ ಒಂದೇ ರಾಜ್ಯಕ್ಕೆ ಸೇರಿದಾಗ ನಮ್ಮ ಕೈಯಲ್ಲಿ ಏನಿತ್ತು, ನಿಮ್ಮ ಕೈಯಲ್ಲಿ ಏನಿತ್ತು ಎನ್ನುವುದನ್ನು ಬಿಟ್ಟು ಹೋಲಿಸಿದರೆ ಅದು ನ್ಯಾಯ ಅಲ್ಲ.

ಒಂದು ವಿಷಯ ಹಿರಿಯರನ್ನು ಕೇಳಬೇಕಿತ್ತು. ನನ್ನ ಅಣ್ಣ ಕುವೈತ್‌ನಲ್ಲಿದ್ದಾನೆ. ತಿಂಗಳಿಗೊಮ್ಮೆ ದುಡ್ಡು ಕಳಿಸುತ್ತಾನೆ. ಅದು ನಮ್ಮ ಜಿಲ್ಲೆಯ ಉತ್ಪನ್ನಕ್ಕೆ ಸೇರುತ್ತದೆಯೇ?

ಹಳೇಎಣಿಕೆದಾರ (ರಾಯಚೂರು)

ಸೇರುವುದಿಲ್ಲ. ಅವನ ದುಡಿಮೆ ಕುವೈತಿನ ಉತ್ಪನ್ನ. ಅವನು ಕಳಿಸಿದ ದುಡ್ಡಿನಲ್ಲಿ ನೀವು ಮನೆ ಕಟ್ಟಿದರೆ, ಗಾರೆಯವನಿಗೆ ಕೂಲಿ ಕೊಟ್ಟರೆ, ಅಂಗಡಿಯಲ್ಲಿ ಸಾಮಾನು ಕೊಂಡರೆ ಆ ಕೆಲಸ ಮತ್ತು ಆ ವ್ಯಾಪಾರ ನಿಮ್ಮ ಜಿಲ್ಲೆಯದು. ಕೇರಳದಲ್ಲೂ ಹೀಗೇ. ಹೊರದೇಶದ ದುಡ್ಡು ರಾಜ್ಯದ ಉತ್ಪನ್ನದಲ್ಲಿ ಕಾಣುವುದಿಲ್ಲ, ಜನರ ಖರ್ಚಿನಲ್ಲಿ ಕಾಣುತ್ತದೆ. ಅದಕ್ಕೇ ಉತ್ಪನ್ನದ ಪಟ್ಟಿ ಒಂದನ್ನೇ ನಂಬದೆ, ಮನೆಗಳ ಬಳಕೆ ವೆಚ್ಚದ ಸಮೀಕ್ಷೆಯನ್ನೂ ನೋಡಬೇಕು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಸುರಪುರದವ (ಬೆಂಗಳೂರು)

ನಾನು ಯಾದಗಿರಿ ಜಿಲ್ಲೆಯವನು. ಬೆಂಗಳೂರಿನಲ್ಲಿ ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿ ಸೂಪರ್‌ವೈಸರ್. ಇಲ್ಲಿ ಎಲ್ಲರೂ ತೊಗರಿ, ಸಿಮೆಂಟು, ಕರೆಂಟು ಹೊರಗೆ ಹೋಗುವುದನ್ನು ಬರೆದಿದ್ದೀರಿ. ನಮ್ಮ ಭಾಗದಿಂದ ಜಾಸ್ತಿ ಹೊರಗೆ ಹೋಗುವುದು ಜನ. ಅದನ್ನು ಯಾರೂ ಬರೆಯಲಿಲ್ಲ ಎಂದು ನಾನು ಬರೀತಿದ್ದೇನೆ.

ಇವತ್ತು ಬೆಳಿಗ್ಗೆ ನನ್ನ ಹಾಜರಿ ಪುಸ್ತಕ ನೋಡಿದೆ. ಒಟ್ಟು 58 ಜನ. ಅದರಲ್ಲಿ 37 ಜನ ಯಾದಗಿರಿ, ರಾಯಚೂರು, ಕಲಬುರಗಿಯವರು. ಉಳಿದವರು ಬಿಹಾರ, ಬಂಗಾಳ, ಒಡಿಶಾದವರು. ನಮ್ಮವರಲ್ಲಿ ಗಂಡ ಹೆಂಡತಿ ಜೋಡಿಯಾಗಿ ಬಂದವರೇ ಹೆಚ್ಚು. ಸೈಟಿನ ಹಿಂದೆ ತಗಡಿನ ಶೆಡ್ಡು. ಮಕ್ಕಳಲ್ಲಿ ಸಣ್ಣವು ಇಲ್ಲಿ, ಶಾಲೆಗೆ ಹೋಗುವವು ಊರಲ್ಲಿ ಅಜ್ಜಿ ಹತ್ತಿರ. ಹಿಂಗಾರಿ ಬಿತ್ತನೆ ಮುಗಿದ ಮೇಲೆ ಬರುತ್ತಾರೆ. ಯುಗಾದಿಗೆ ಊರಿಗೆ ಹೋಗಿ ಮತ್ತೆ ಬರುತ್ತಾರೆ. ಮುಂಗಾರು ಬಿದ್ದರೆ ಬಿತ್ತನೆಗೆ ವಾಪಸ್.

ಈ 37 ಜನ ಹತ್ತು ತಿಂಗಳಲ್ಲಿ ಏಳು ಮಹಡಿ ಎಬ್ಬಿಸಿದ್ದಾರೆ. ಆ ಏಳು ಮಹಡಿ ಬೆಂಗಳೂರು ನಗರ ಜಿಲ್ಲೆಯ ಉತ್ಪನ್ನ. ಸರಿ, ಕೆಲಸ ಇಲ್ಲಿ ಆಗಿದ್ದು, ಲೆಕ್ಕ ಇಲ್ಲಿಗೆ ಬರಲಿ. ಆದರೆ ಭಾಗಿಸುವಾಗ ಇವರ ತಲೆ ಎಲ್ಲಿ ಸೇರುತ್ತದೆ? ರೇಷನ್ ಕಾರ್ಡು ಊರಲ್ಲಿ, ಓಟು ಊರಲ್ಲಿ, ಜನಗಣತಿಯಲ್ಲೂ ಬಹಳ ಮಂದಿಯ ಹೆಸರು ಊರ ಮನೆಯಲ್ಲೇ. ದುಡಿಮೆ ಬೆಂಗಳೂರಿನ ಲೆಕ್ಕಕ್ಕೆ, ತಲೆ ಯಾದಗಿರಿಯ ಲೆಕ್ಕಕ್ಕೆ. ಹಾಗಾದರೆ ಬೆಂಗಳೂರಿನ ತಲಾ ಆದಾಯ ಏರುತ್ತದೆ, ನಮ್ಮದು ಇಳಿಯುತ್ತದೆ. ನಾನು ಹೇಳ್ತಿರೋದು ಸರಿಯಾ ಸರ್?

ಹೋದ ಶ್ರಾವಣದಲ್ಲಿ ಊರಿಗೆ ಹೋಗಿದ್ದೆ. ನಮ್ಮ ಓಣಿಯಲ್ಲಿ ಎಂಟು ಮನೆಗೆ ಬೀಗ. ಬೀಗ ಹಾಕಿದ ಬಾಗಿಲ ಮುಂದೆ ಕಟ್ಟೆ ಮೇಲೆ ಒಬ್ಬ ಮುದುಕ ಕೂತಿದ್ದ. ಮಗ ಸೊಸೆ ಎಲ್ಲಿ ಎಂದೆ. "ನೀ ಇರೋ ಕಡೀನ ಅದಾರಪ್ಪಾ, ನೋಡಿಲ್ಲೇನು?" ಎಂದ. ಬೆಂಗಳೂರು ಅವನಿಗೆ ಒಂದು ಓಣಿ ಇದ್ದಂಗೆ.

ಹಳೇಎಣಿಕೆದಾರ (ರಾಯಚೂರು)

ಸರಿಯಾಗಿ ಹಿಡಿದೆ ತಮ್ಮಾ. ಮೂವತ್ತು ವರ್ಷ ಇಲಾಖೆಯಲ್ಲಿದ್ದ ನನಗೂ ಇಷ್ಟು ನೇರವಾಗಿ ಹೇಳಲು ಬಂದಿರಲಿಲ್ಲ.

ಪೂರ್ತಿಯಾಗಿ ನೆಲೆಸಿದವರು ಬೆಂಗಳೂರಿನ ಜನಸಂಖ್ಯೆಗೇ ಸೇರುತ್ತಾರೆ. ನೀನು ಹೇಳಿದಂತೆ ಹೋಗಿ ಬಂದು ಮಾಡುವವರ ವಿಷಯದಲ್ಲೇ ಲೆಕ್ಕ ಜಾರುವುದು. 2011ರ ನಂತರದ ಜನಗಣತಿಯೂ ಸಮಯಕ್ಕೆ ಆಗಲಿಲ್ಲ. 2021ರದ್ದು ಮುಂದೆ ಹೋಯಿತು. ಅಲ್ಲಿಂದ ಈಚೆಗೆ ತಲಾ ಆದಾಯಕ್ಕೆ ಭಾಗಿಸುವ ಜನಸಂಖ್ಯೆ ಅಂದಾಜಿನದು. ಹಳೆಯ ವೇಗದಲ್ಲಿ ಬೆಳೆದಿರಬಹುದು ಎಂದು ಎಳೆದ ಗೆರೆ. ಜನ ಎಲ್ಲಿಗೆ ಸರಿದರು ಎಂದು ಆ ಗೆರೆಗೆ ಪೂರ್ತಿ ಗೊತ್ತಿಲ್ಲ.

ಆದರೆ ಇದರಿಂದ ಐದು ಪಟ್ಟು ಎರಡು ಪಟ್ಟಾಗುವುದಿಲ್ಲ. ತಲೆ ಸರಿಯಾಗಿ ಎಣಿಸಿದರೂ ಅಂತರ ದೊಡ್ಡದೇ. ಆ ಆಸೆ ಇಟ್ಟುಕೊಳ್ಳಬೇಡಿ.

ಓದುಗ (ಹಾಸನ)

ಒಂದು ಸಣ್ಣ ಪ್ರಶ್ನೆ. ರಾಜ್ಯ ರಾಜ್ಯಗಳ ನಡುವೆಯೂ ಇದೇ ಥರ ಅಲ್ವಾ? ಬಿಹಾರದವರು ಇಲ್ಲಿ ಬಂದು ದುಡಿಯುವುದು, ಲೆಕ್ಕ ನಮಗೆ ಸೇರುವುದು. ನಮ್ಮ ರಾಜ್ಯ ದೇಶದಲ್ಲಿ ಎಲ್ಲಿ ನಿಂತಿದೆ ಎಂದು ಹೇಗೆ ನೋಡಬೇಕು?

ಹಳೇಎಣಿಕೆದಾರ (ರಾಯಚೂರು)

ಅದೇ ಥರ. ಅಳೆಯಲು ಒಂದು ಒಳ್ಳೆಯ ದಾರಿ ಇದೆ. ದೇಶದ ಸರಾಸರಿ ತಲಾ ಆದಾಯವನ್ನು 100 ಎಂದು ಇಟ್ಟುಕೊಂಡು, ಆಯಾ ವರ್ಷ ಪ್ರತಿ ರಾಜ್ಯ ಎಷ್ಟು ಎಂದು ನೋಡುವುದು. ಬೆಲೆ ಏರಿಕೆಯ ಗೊಂದಲ ಬಹಳ ಮಟ್ಟಿಗೆ ಹೋಗುತ್ತದೆ. ಹತ್ತಿರ ಬಂದೆವಾ, ದೂರ ಹೋದೆವಾ ಎನ್ನುವುದು ಕಣ್ಣಿಗೆ ಕಾಣುತ್ತದೆ.

ಪ್ರಧಾನಮಂತ್ರಿಗಳ ಆರ್ಥಿಕ ಸಲಹಾ ಮಂಡಳಿಯಿಂದ 2024ರಲ್ಲಿ ಇಂಥದೊಂದು ಲೆಕ್ಕ ಹೊರಬಂತು, 1960-61ರಿಂದ 2023-24ರವರೆಗಿನದು. ಪಶ್ಚಿಮ ಬಂಗಾಳ 1960-61ರಲ್ಲಿ 127ರ ಮೇಲಿತ್ತು, ಈಗ 84ರ ಹತ್ತಿರ. ದೇಶದ ಒಟ್ಟು ಉತ್ಪನ್ನದಲ್ಲಿ ಅದರ ಪಾಲು ಶೇ. 10.5ರಿಂದ ಶೇ. 5.6ಕ್ಕೆ ಬಂತು. ಪಂಜಾಬ್ ಹಸಿರು ಕ್ರಾಂತಿಯ ಕಾಲದಲ್ಲಿ 1970-71ರಲ್ಲಿ 169 ಮುಟ್ಟಿತ್ತು, ಈಗ 107ರ ಆಸುಪಾಸು. ಒಡಿಶಾ 1990-91ರಲ್ಲಿ 54ಕ್ಕೆ ಕುಸಿದಿತ್ತು, ಈಗ 88ರ ಮೇಲೆ. ನಮ್ಮ ಕರ್ನಾಟಕ 1991ರ ಮುಂಚೆ ದೇಶದ ಸರಾಸರಿಯಷ್ಟೂ ಇರಲಿಲ್ಲ. 2023-24ರಲ್ಲಿ 181.

ಇದರಲ್ಲಿ ಎರಡು ಮಾತು ನನಗೆ ಮುಖ್ಯ. ಬಂಗಾಳ, ಪಂಜಾಬ್ ನೋಡು, ಮುಂದಿದ್ದವರು ಮುಂದೆಯೇ ಇರುತ್ತಾರೆ ಎಂದಿಲ್ಲ. ಒಡಿಶಾ ನೋಡು, ಹಿಂದೆ ಬಿದ್ದವರು ಏಳುವುದಿಲ್ಲ ಎಂದೂ ಇಲ್ಲ. ಒಡಿಶಾ, ಬಿಹಾರಕ್ಕೆ ಒಂದು ಅನ್ಯಾಯವೂ ಆಗಿತ್ತು. 1950ರ ದಶಕದಿಂದ 1990ರ ದಶಕದ ಮೊದಲ ವರ್ಷಗಳವರೆಗೆ ಸಾಗಣೆ ವೆಚ್ಚ ಸಮೀಕರಣ ಎನ್ನುವ ನೀತಿ ಇತ್ತು. ಕಲ್ಲಿದ್ದಲಿಗೂ ಉಕ್ಕಿಗೂ ಗಣಿಯ ಪಕ್ಕದಲ್ಲೂ ಅದೇ ಬೆಲೆ, ಸಾವಿರ ಮೈಲಿ ಆಚೆಯೂ ಅದೇ ಬೆಲೆ. ಹಾಗಾದರೆ ಕಾರ್ಖಾನೆಯವನು ಗಣಿಯ ಪಕ್ಕಕ್ಕೆ ಯಾಕೆ ಬರುತ್ತಾನೆ? ನೆಲದ ಸಂಪತ್ತು ಅವರದು, ಕಾರ್ಖಾನೆ ಬೇರೆಯವರದು.

ತೊಗರಿಲೆಕ್ಕ ತಂಗಿಗೆ ಒಂದು ಮಾತು. ಇದೇ ದಾರಿಯಲ್ಲಿ ರಾಜ್ಯದ ಸರಾಸರಿ 100 ಎಂದಿಟ್ಟು ಕಲಬುರಗಿಯನ್ನು ನೋಡು, 50ರ ಕೆಳಗೆ ಬರುತ್ತದೆ. ಆದರೆ ಆ 100 ಯಾರದು ಎಂದೂ ಕೇಳಿಕೋ. ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆಯೊಂದರದೇ. 2011ರಲ್ಲಿ ರಾಜ್ಯದ 6.11 ಕೋಟಿ ಜನರಲ್ಲಿ ಆ ಜಿಲ್ಲೆಯವರು 96 ಲಕ್ಷ. ಅದೊಂದನ್ನು ಬದಿಗಿಟ್ಟರೆ ಉಳಿದ ಕರ್ನಾಟಕದ ಸರಾಸರಿ 100ರಿಂದ 75, 80ಕ್ಕೆ ಇಳಿಯುತ್ತದೆ. ಹಾಸನ, ತುಮಕೂರು, ಹಾವೇರಿ, ಬೀದರ್ ಎಲ್ಲ ಸೇರಿ. ಅಂದರೆ ಇದು ಉತ್ತರ, ದಕ್ಷಿಣದ ಜಗಳ ಮಾತ್ರ ಅಲ್ಲ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯೂ ಇದನ್ನೇ ತೋರಿಸಿತು. ಆದಾಯ ಒಂದನ್ನೇ ನೋಡದೆ ಆಸ್ಪತ್ರೆ, ಶಾಲೆ, ರಸ್ತೆ, ನೀರಾವರಿ ಸೇರಿ 35 ಸೂಚಕ ಹಿಡಿದು, ಜಿಲ್ಲೆ ಬಿಟ್ಟು ತಾಲ್ಲೂಕಿಗೆ ಇಳಿದು ಅಳೆಯಿತು. 175 ತಾಲ್ಲೂಕಿನಲ್ಲಿ 114 ಹಿಂದುಳಿದವು. ಅತ್ಯಂತ ಹಿಂದುಳಿದವು 39. ಅದರಲ್ಲಿ ದಕ್ಷಿಣದವೂ 13 ಇದ್ದವು. ನಮ್ಮ ಕಲಬುರಗಿ ವಿಭಾಗದ್ದು 21. ಎಂಟು ವರ್ಷಕ್ಕೆ 31,000 ಕೋಟಿಯ ಯೋಜನೆ ಹೇಳಿದರು. ಆಮೇಲೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 ಜೆ ವಿಧಿ ಬಂತು, ಅಭಿವೃದ್ಧಿ ಮಂಡಳಿ ಬಂತು. 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೆ ಸಮಿತಿ ರಚಿಸಿದರು. ಇಪ್ಪತ್ತೆರಡು ವರ್ಷದ ನಂತರವೂ ಮತ್ತೊಮ್ಮೆ ಅಳೆಯಬೇಕಾಯಿತು ಎನ್ನುವುದೇ ಬಹಳ ಹೇಳುತ್ತದೆ.

ತೊಗರಿಲೆಕ್ಕ (ಕಲಬುರಗಿ)

ಎಲ್ಲರಿಗೂ ಕೈಮುಗಿದು ಧನ್ಯವಾದ. ಎರಡು ದಿನ ಕೂತು ಎಲ್ಲ ಓದಿದೆ. ಮಿಲ್ಲಿನ 2015ರ ಪುಸ್ತಕ ತೆಗೆದು ನೋಡಿದೆ ಸರ್. ನೀವು ಹೇಳಿದ್ದು ನಿಜ. ಆ ವರ್ಷ ಚೀಲ ಕಡಿಮೆ, ರೂಪಾಯಿ ಜಾಸ್ತಿ. ಮರುವರ್ಷ ಗೋದಾಮಿನಲ್ಲಿ ಕಾಲಿಡಲು ಜಾಗ ಇರಲಿಲ್ಲ, ರೂಪಾಯಿ ಅಷ್ಟಕ್ಕಷ್ಟೆ.

ನನ್ನ ಮಾತಿಗೆ ನಾಲ್ಕು ಕಾಲಂ ಮಾಡಿಕೊಂಡಿದ್ದೇನೆ. ಕಲಬುರಗಿ, ಯಾದಗಿರಿ, ದಕ್ಷಿಣ ಕನ್ನಡ, ಕೊನೆಗೆ ಬೆಂಗಳೂರು ನಗರ ಬಿಟ್ಟು ಉಳಿದ ಕರ್ನಾಟಕ. ಎಲ್ಲವೂ ರಾಜ್ಯದ ಸರಾಸರಿ 100 ಎಂದಿಟ್ಟು. ಪಕ್ಕದಲ್ಲಿ ಸಾಕ್ಷರತೆ. ಬೆಳವಣಿಗೆ ದರ ಬೇರೆ ಹಾಳೆಯಲ್ಲಿ, ಸ್ಥಿರ ಬೆಲೆಯದು ಮಾತ್ರ. ಆ 86 ವರ್ಷದ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸ್ತೀನಿ.

ಕಡಲತಡಿ, ನಿಮ್ಮ ಅಮ್ಮನ ಬೀಡಿ ದುಡ್ಡಿನ ಮಾತು ಹೇಳಲು ಅನುಮತಿ ಬೇಕು. ಹೆಸರು ಹೇಳುವುದಿಲ್ಲ. ನಮ್ಮ ಸಂಘದಲ್ಲಿ ಒಬ್ಬಾಕೆ ಏಳನೇ ತರಗತಿಗೇ ಮಗಳನ್ನು ಶಾಲೆ ಬಿಡಿಸಿದ್ದಾಳೆ. ಪ್ರೌಢಶಾಲೆ ಆರು ಕಿಲೋಮೀಟರ್, ಬಸ್ಸು ಹೊತ್ತಿಗೆ ಸರಿಯಾಗಿ ಬರಲ್ಲ. ನೀವು "ನಡೆದು ಹೋಗುವಷ್ಟು ಹತ್ತಿರ" ಎಂದು ಬರೆದ ಸಾಲನ್ನು ಮೂರು ಸಲ ಓದಿದೆ.

ಸುರಪುರದ ಅಣ್ಣಾ, ನಿಮ್ಮಿಂದ ನನ್ನ ಪ್ರಶ್ನೆಯೇ ಬದಲಾಯಿತು. ಸರಕು ಹೋಗುವುದನ್ನು ನಾನು ದಿನಾ ಬರೆಯುತ್ತೇನೆ, ಜನ ಹೋಗುವುದನ್ನು ಬರೆದಿರಲಿಲ್ಲ. ನಮ್ಮ ಸಂಘದ 46 ಮನೆಗಳಲ್ಲಿ ಯಾರ ಮನೆಯಿಂದ ಎಷ್ಟು ಜನ ಹೊರಗೆ ದುಡಿಯುತ್ತಿದ್ದಾರೆ, ಎಷ್ಟು ತಿಂಗಳು, ಯಾವ ಊರು, ಹೆಸರು ಎಲ್ಲಿ ಬರೆಸಿದ್ದಾರೆ ಎಂದು ಭಾನುವಾರ ಕೇಳಿ ಬರೆದುಕೊಳ್ತೀನಿ.

ಸರ್, ಕಾಲಂ ಹೇಗಿರಬೇಕು ಎಂದು ಹೇಳ್ತೀರಾ?

ಹಳೇಎಣಿಕೆದಾರ (ರಾಯಚೂರು)

ಬರಕೋ. ಮನೆ ಸಂಖ್ಯೆ. ಮನೆಯ ಒಟ್ಟು ಜನ. ಕಳೆದ 12 ತಿಂಗಳಲ್ಲಿ ಊರ ಹೊರಗೆ ದುಡಿಯಲು ಹೋದವರು, ಹೆಣ್ಣು ಬೇರೆ, ಗಂಡು ಬೇರೆ. ಹೋದ ತಿಂಗಳು, ಬಂದ ತಿಂಗಳು. ಯಾವ ಊರು, ಏನು ಕೆಲಸ. ತಿಂಗಳಿಗೆ ಮನೆಗೆ ಕಳಿಸಿದ್ದು. ಮಗು ಜತೆಗೆ ಹೋಯಿತಾ, ಮನೆಯಲ್ಲಿ ಉಳಿಯಿತಾ, ಶಾಲೆ ಬಿಟ್ಟಿತಾ.

ಎಷ್ಟು ದುಡೀತೀರಿ ಎಂದು ಮೊದಲಿಗೇ ಕೇಳಬೇಡ. ಮೊದಲು ಯಾವ ತಿಂಗಳು ಹೋದಿರಿ ಎಂದು ಕೇಳು. ಹಬ್ಬದ ಹೆಸರು ಹಿಡಿದು ಕೇಳು, ದಸರಾಕ್ಕಾ, ಎಳ್ಳಮಾಸೆಗಾ, ಯುಗಾದಿಗಾ ಎಂದು. ತಾರೀಖು ನೆನಪಿರಲ್ಲ, ಹಬ್ಬ ನೆನಪಿರುತ್ತದೆ. ಬೀಗ ಹಾಕಿದ ಮನೆ ಬಿಡಬೇಡ, ಪಕ್ಕದವರನ್ನು ಕೇಳಿ ಬರೆ. ಆ ಮನೆಗಳೇ ಬಿಟ್ಟುಹೋದರೆ ಇಡೀ ಲೆಕ್ಕ ತಪ್ಪು.

ಮುಂದಿನ ವಾರ ಕಲಬುರಗಿಗೆ ಬರುವುದಿದೆ. 2004-05 ಮೂಲ ವರ್ಷದ ಕಾಲದ ಹಳೆಯ ಆರ್ಥಿಕ ಸಮೀಕ್ಷೆಗಳು ನನ್ನ ಹತ್ತಿರ ನಾಲ್ಕೈದು ಇವೆ. ತಂದುಕೊಡ್ತೀನಿ. ಅವುಗಳ ರೂಪಾಯಿಯನ್ನು ಈಗಿನ ರೂಪಾಯಿಯ ಪಕ್ಕ ನೇರ ಇಡಬೇಡ, ಮೂಲ ವರ್ಷ ಬೇರೆ. ಆಯಾ ವರ್ಷದ ರಾಜ್ಯದ ಸರಾಸರಿಗೆ ಎಷ್ಟು ಎಂದು ಮಾತ್ರ ತೆಗೆದುಕೋ.

ಸುರಪುರದವ (ಬೆಂಗಳೂರು)

ಅಕ್ಕಾ, ಅದೇ ಕಾಲಂ ನಾನೂ ನನ್ನ ಸೈಟಿನ 37 ಜನಕ್ಕೆ ತುಂಬಿಸಿ ಕಳಿಸ್ತೀನಿ. ಶನಿವಾರ ಬಟವಾಡೆ ದಿನ, ಎಲ್ಲರೂ ಒಂದೇ ಕಡೆ ಸಿಗುತ್ತಾರೆ. ಎಂಟು ಬೀಗ ಹಾಕಿದ ಮನೆಯಲ್ಲಿ ಮೂರು ಮನೆಯವರು ಈ ಏರಿಯಾದಲ್ಲೇ ಇದ್ದಾರಂತೆ, ಅವರನ್ನೂ ಹುಡುಕ್ತೀನಿ.